ಪಶುವೈದ್ಯರು ಬೇಕಾಗಿದ್ದಾರೆ, ರಾತ್ರಿ ಪಾಳಿ ಇಲ್ಲ

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಥರ್ಸ್ಕ್ ಒಂದು ಸಣ್ಣ ಸಂತೆಯೂರು. 1940ರ ಬೇಸಿಗೆಯಲ್ಲಿ ಅಲ್ಲಿನ ಕರ್ಕ್‌ಗೇಟ್ ಬೀದಿಯ 23ನೇ ನಂಬರಿನ ಮನೆಯಲ್ಲಿದ್ದ ಪಶುವೈದ್ಯ ಡೊನಾಲ್ಡ್ ಸಿಂಕ್ಲೇರ್‌ಗೆ ತುರ್ತಾಗಿ ಒಬ್ಬ ವೈದ್ಯ ಬೇಕಾಗಿದ್ದ. ಯುದ್ಧದ ಕಾಲ, ಸಿಂಕ್ಲೇರ್ ವಾಯುಪಡೆಗೆ ಹೊರಟು ನಿಂತಿದ್ದ. ಹಿಂದಿನ ಡಿಸೆಂಬರಿನಲ್ಲಷ್ಟೇ ಗ್ಲಾಸ್ಗೋದಲ್ಲಿ ಪದವಿ ಮುಗಿಸಿದ್ದ 23ರ ಹುಡುಗ ಆಲ್ಫ್ ವೈಟ್ ಕೆಲಸ ಕೇಳಿಕೊಂಡು ಬಂದ. ಕರಾರು ಸರಳವಾಗಿತ್ತು: ಯಜಮಾನ ಇಲ್ಲದಷ್ಟು ದಿನ ಕ್ಲಿನಿಕ್ ನೋಡಿಕೊಳ್ಳಬೇಕು, ಬಂದ ಆದಾಯವೆಲ್ಲ ಅವನದೇ, ಊಟ ವಸತಿ ಪುಕ್ಕಟೆ. ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಿ ಸೇನೆಗೆ ಸೇರಿದ್ದ ಸಿಂಕ್ಲೇರ್ ನಾಲ್ಕೇ ತಿಂಗಳಲ್ಲಿ ವಾಪಸು ಬಂದ. ವೈಟ್ ಮಾತ್ರ ಆ ಊರನ್ನು ಬಿಡಲಿಲ್ಲ. ನಡುವೆ ಸ್ವಲ್ಪ ಕಾಲ ತಾನೂ ವಾಯುಪಡೆಯಲ್ಲಿದ್ದು ಬಂದದ್ದನ್ನು ಬಿಟ್ಟರೆ, ದುಡಿಮೆಯ ಬದುಕನ್ನೆಲ್ಲ ಅಲ್ಲೇ ಕಳೆದ.

ಮೂವತ್ತು ವರ್ಷಗಳ ನಂತರ, 1970ರಲ್ಲಿ, ಅವನ ಮೊದಲ ಪುಸ್ತಕ ಬಂತು. ಮುಖಪುಟದಲ್ಲಿದ್ದದ್ದು ಜೇಮ್ಸ್ ಹೆರಿಯಟ್ ಎಂಬ ಹೆಸರು. ಫುಟ್‌ಬಾಲ್ ಗೋಲ್‌ಕೀಪರ್ ಒಬ್ಬನಿಂದ ಕಡ ತಂದ ಹೆಸರದು. ಸ್ವಂತ ಹೆಸರಿನಲ್ಲಿ ಬರೆಯಲು ಅಡ್ಡಿಯಾದದ್ದು ವೃತ್ತಿಯ ಕಟ್ಟಳೆ. ಬ್ರಿಟನ್ನಿನ ಪಶುವೈದ್ಯರು ಆಗ ತಮ್ಮನ್ನು ತಾವು ಪ್ರಚಾರ ಮಾಡಿಕೊಳ್ಳುವಂತಿರಲಿಲ್ಲ. ತನ್ನ ಕ್ಲಿನಿಕ್ಕಿನ ಕತೆಯನ್ನು ತನ್ನದೇ ಹೆಸರಿನಲ್ಲಿ ಬರೆದರೆ ಅದೂ ಜಾಹೀರಾತೇ ಆಗುತ್ತಿತ್ತು. ತಮಾಷೆಯೆಂದರೆ, ಜಾಹೀರಾತು ಆಗಬಾರದೆಂದು ಹೆಸರು ಮರೆಸಿ ಬರೆದ ಆ ಪುಸ್ತಕಗಳೇ ಪಶುವೈದ್ಯ ವೃತ್ತಿಗೆ ಈವರೆಗೆ ಸಿಕ್ಕ ಅತಿ ದೊಡ್ಡ ನೇಮಕಾತಿ ಜಾಹೀರಾತಾದವು. 1978ರಿಂದ 1990ರವರೆಗೆ ಬಿಬಿಸಿಯಲ್ಲಿ ಧಾರಾವಾಹಿ, 2020ರಿಂದ ಚಾನೆಲ್ 5ರಲ್ಲಿ ಮತ್ತೆ ಹೊಸ ಧಾರಾವಾಹಿ. ನಡುರಾತ್ರಿ ಕೊರೆಯುವ ಚಳಿಯಲ್ಲಿ ಕೊಟ್ಟಿಗೆಯ ನೆಲದ ಮೇಲೆ ಅಂಗಿ ಬಿಚ್ಚಿ ಮಲಗಿ, ಹೆರಲಾಗದ ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕುವ ವೈದ್ಯನನ್ನು ಕಂಡು ನಕ್ಕ ಮಕ್ಕಳಲ್ಲಿ ಎಷ್ಟೋ ಮಂದಿ ಮುಂದೆ ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕಿದರು.

ಆ ಮಕ್ಕಳ ಮಕ್ಕಳು ಇಂದು ಅದೇ ಕೆಲಸಕ್ಕೆ ಬರಲು ಷರತ್ತು ಹಾಕುತ್ತಿದ್ದಾರೆ. ಮೊದಲ ಷರತ್ತೇ ಆ ನಡುರಾತ್ರಿಯ ಕರೆ ಬೇಡ ಎಂಬುದು.

ಕೆಲಸ ಕೊಡುವವರ ಮತ್ತು ಕೇಳುವವರ ಜಾಗ ಹೀಗೆ ಅದಲುಬದಲಾಗಲು ಕಾರಣಗಳಿವೆ. ಯುರೋಪಿನಿಂದ ಬರುತ್ತಿದ್ದ ವೈದ್ಯರನ್ನೇ ಬ್ರಿಟನ್ ಬಹುಕಾಲ ನೆಚ್ಚಿಕೊಂಡಿತ್ತು. ಕಸಾಯಿಖಾನೆಗಳಲ್ಲಿ ಮಾಂಸ ತಪಾಸಣೆ ಮಾಡುವ ಸರ್ಕಾರಿ ಪಶುವೈದ್ಯರಲ್ಲಂತೂ ಬಹುಪಾಲು ಹೊರದೇಶಗಳಲ್ಲಿ ಓದಿದವರು. ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬಂದ ಮೇಲೆ ಆ ಬಾಗಿಲು ಕಿರಿದಾಯಿತು. ಒಕ್ಕೂಟದ ದೇಶಗಳಿಂದ ಬಂದು ಹೆಸರು ನೋಂದಾಯಿಸಿದ ಪಶುವೈದ್ಯರು 2019ರಲ್ಲಿ 1,132 ಮಂದಿ, 2021ರಲ್ಲಿ 364. ಇದೇ ಹೊತ್ತಿಗೆ ಕೋವಿಡ್ ಬಂತು. ಮನೆಯಲ್ಲಿ ಕುಳಿತ ಜನ ನಾಯಿ ಬೆಕ್ಕು ತಂದರು. ಸಾಂಕ್ರಾಮಿಕದ ಮೊದಲ ವರ್ಷದಲ್ಲೇ 32 ಲಕ್ಷ ಕುಟುಂಬಗಳು ಹೊಸದಾಗಿ ಸಾಕುಪ್ರಾಣಿ ತಂದವೆಂದು ಪ್ರಾಣಿ ಆಹಾರ ತಯಾರಕರ ಸಂಘ ಲೆಕ್ಕ ಕೊಟ್ಟಿತು. 2019ರಲ್ಲೇ ಸರ್ಕಾರ ಪಶುವೈದ್ಯರನ್ನು ಕೊರತೆಯ ವೃತ್ತಿಗಳ ಪಟ್ಟಿಗೆ ಸೇರಿಸಿತ್ತು. ಸರ್ರೆ, ಹಾರ್ಪರ್-ಕೀಲ್, ಅಬೆರಿಸ್ಟ್‌ವಿತ್ ಎಂದು ಒಂದರ ಹಿಂದೊಂದು ಹೊಸ ಕಾಲೇಜುಗಳು ತೆರೆದವು. ಆದರೆ ಇಂದು ಸೇರಿದ ವಿದ್ಯಾರ್ಥಿ ವೈದ್ಯನಾಗಲು ಐದು ವರ್ಷ ಬೇಕು. ಕ್ಲಿನಿಕ್ಕಿಗೆ ಸೋಮವಾರ ಬೆಳಿಗ್ಗೆಯೇ ವೈದ್ಯ ಬೇಕು.

ಆದ್ದರಿಂದ ನಾಯಿ ಶಾಂಪೂ ಮಾರಲು ಬಳಸುತ್ತಿದ್ದ ವಿದ್ಯೆಯನ್ನೆಲ್ಲ ಈಗ ಕೆಲಸ ಮಾರಲು ಬಳಸಲಾಗುತ್ತಿದೆ. ಇದಕ್ಕೆ ಎಂಪ್ಲಾಯರ್ ಬ್ರ್ಯಾಂಡಿಂಗ್ ಎಂಬ ಹೆಸರಿದೆ. ಲಂಡನ್ ಬಿಸಿನೆಸ್ ಸ್ಕೂಲಿನ ಟಿಮ್ ಆಂಬ್ಲರ್ ಮತ್ತು ನೇಮಕಾತಿ ಜಾಹೀರಾತು ಕ್ಷೇತ್ರದಲ್ಲಿದ್ದ ಸೈಮನ್ ಬ್ಯಾರೋ 1996ರಲ್ಲಿ ಬರೆದ ಪ್ರಬಂಧವೊಂದರಿಂದ ಈ ಮಾತು ಚಲಾವಣೆಗೆ ಬಂತು. ಸಾಬೂನಿಗೆ ಒಂದು ಹೆಸರು, ಒಂದು ನಂಬಿಕೆ ಇರುವಂತೆ ಕೆಲಸ ಕೊಡುವವನಿಗೂ ಇರುತ್ತದೆ. ಸಂಬಳ, ಅನುಕೂಲ, ಮನಸ್ಸಿಗೆ ಸಿಗುವ ತೃಪ್ತಿ ಎಲ್ಲ ಸೇರಿದ್ದೇ ಆ ಹೆಸರು. ಅವರ ವಾದ ಇಷ್ಟೆ. ಒಳ್ಳೆಯ ಧಣಿ ಯಾರು, ಕೆಟ್ಟ ಧಣಿ ಯಾರು ಎಂಬುದು ಕೂಲಿಗೆ ಹೋಗುವವರಿಗೆ ಯಾವ ಕಾಲದಲ್ಲೂ ಗೊತ್ತಿದ್ದ ವಿಷಯ. ಹೊಸದೇನೆಂದರೆ ಈಗ ಧಣಿಯೇ ಅದನ್ನು ಲೆಕ್ಕ ಹಾಕಿ, ಬಜೆಟ್ ಇಟ್ಟು, ವಿಡಿಯೊ ಮಾಡಿಸಿ ಹೇಳಿಕೊಳ್ಳುತ್ತಾನೆ.

ಪ್ರತಿ ನವೆಂಬರಿನಲ್ಲಿ ಲಂಡನ್ನಿನ ಎಕ್ಸೆಲ್ ಸಭಾಂಗಣದಲ್ಲಿ ನಡೆಯುವ ಪಶುವೈದ್ಯರ ಮೇಳದಲ್ಲಿ ಔಷಧ ಕಂಪನಿಗಳ ಮಳಿಗೆಗಳ ಪಕ್ಕದಲ್ಲೇ ಆಸ್ಪತ್ರೆ ಸಮೂಹಗಳ ಮಳಿಗೆಗಳೂ ಇರುತ್ತವೆ. ಅಲ್ಲಿ ಮಾರಾಟಕ್ಕಿರುವುದು ಖಾಲಿ ಹುದ್ದೆ.

ಇಂಥ ಒಂದು ಜಾಹೀರಾತನ್ನು ಹತ್ತಿರದಿಂದ ಓದಿದರೆ ಅದರ ಭಾಷೆ ತಿಳಿಯುತ್ತದೆ. ವಾರಕ್ಕೆ ನಾಲ್ಕು ದಿನ ಕೆಲಸ. ಐದರಲ್ಲಿ ಒಂದು ಶನಿವಾರ. ರಾತ್ರಿ ಪಾಳಿ ಇಲ್ಲ. ಪ್ರತಿ ತಪಾಸಣೆಗೆ 15 ನಿಮಿಷ. ನೋಂದಣಿ ಶುಲ್ಕ, ವೃತ್ತಿ ವಿಮೆ ಕ್ಲಿನಿಕ್ಕಿನದು. ತರಬೇತಿಗೆ ವರ್ಷಕ್ಕಿಷ್ಟು ಹಣ. ನಿಮ್ಮ ನಾಯಿಯ ಚಿಕಿತ್ಸೆಗೆ ರಿಯಾಯಿತಿ. ಕೊನೆಗೆ, ಆಕರ್ಷಕ ಸಂಬಳ. ಈ ಪಟ್ಟಿಯಲ್ಲಿ ಅಂಕಿ ಇರುವ ಸಾಲುಗಳಿಗೆ ತೂಕವಿದೆ. ಅಂಕಿ ಇಲ್ಲದ ಸಾಲುಗಳು, ಎಂದರೆ ‘ಆಕರ್ಷಕ ಸಂಬಳ’, ‘ಒಂದೇ ಕುಟುಂಬದಂಥ ತಂಡ’, ‘ಚುರುಕಿನ ವಾತಾವರಣ’ ಇತ್ಯಾದಿ, ಓದುವವನಿಗೆ ಏನನ್ನೂ ಹೇಳುವುದಿಲ್ಲ. ಅನುಭವಿ ವೈದ್ಯರು ಇಂಥವನ್ನು ಓದುವ ರೀತಿಯೇ ಬೇರೆ: ಚುರುಕಿನ ವಾತಾವರಣ ಎಂದರೆ ಮಧ್ಯಾಹ್ನದ ಊಟಕ್ಕೆ ಪುರುಸೊತ್ತು ಸಿಗದು ಎಂದರ್ಥ.

15 ನಿಮಿಷದ ಮಾತಿಗೆ ಯಾಕಷ್ಟು ಬೆಲೆ? ಬಹುಕಾಲ ಬ್ರಿಟನ್ನಿನ ಕ್ಲಿನಿಕ್ಕುಗಳಲ್ಲಿ ಒಂದು ಪ್ರಾಣಿಗೆ ಹತ್ತು ನಿಮಿಷ ಎಂಬುದು ವಾಡಿಕೆ. ಮೈ ಕೆರೆದುಕೊಳ್ಳುವ ಒಂದು ನಾಯಿ ಬಂತೆನ್ನಿ. ಎಂದಿನಿಂದ ತುರಿಕೆ, ಏನು ತಿನ್ನಿಸುತ್ತೀರಿ, ಚಿಗಟದ ಔಷಧ ಹಾಕಿದ್ದು ಯಾವಾಗ ಎಂದು ಕೇಳುವುದಕ್ಕೆ ಮೂರು ನಿಮಿಷ. ಕಿವಿ, ಚರ್ಮ, ಕಾಲ್ಬೆರಳ ಸಂದಿ ನೋಡಿ, ಟೇಪಿನಲ್ಲಿ ಚರ್ಮದ ಮಾದರಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಡುವಷ್ಟರಲ್ಲಿ ಎಂಟು ನಿಮಿಷ ದಾಟಿರುತ್ತದೆ. ಇನ್ನು ಉಳಿದ ಎರಡು ನಿಮಿಷದಲ್ಲಿ, ಇದು ವಾಸಿಯಾಗುವ ಕಾಯಿಲೆಯಲ್ಲ, ಜೀವನಪೂರ್ತಿ ಹತೋಟಿಯಲ್ಲಿಡಬೇಕಾದ ಅಲರ್ಜಿ ಎಂದು ಮಾಲೀಕನಿಗೆ ತಿಳಿಹೇಳಬೇಕು, ಖರ್ಚು ಹೇಳಬೇಕು, ಅವನ ಸಿಟ್ಟನ್ನು ತಾಳಿಕೊಳ್ಳಬೇಕು, ಕಂಪ್ಯೂಟರಿನಲ್ಲಿ ಬರೆದಿಡಬೇಕು. ಅಷ್ಟರಲ್ಲಿ ಹೊರಗೆ ಮುಂದಿನ ಬೆಕ್ಕು ಕೂಗುತ್ತಿರುತ್ತದೆ. ದಿನಕ್ಕೆ ಹೀಗೆ ಇಪ್ಪತ್ತೋ ಮೂವತ್ತೋ. ಹೆಚ್ಚುವರಿ ಐದು ನಿಮಿಷ ಕೊಡುವ ಕ್ಲಿನಿಕ್ಕು ದಿನದ ಆದಾಯದಲ್ಲಿ ಒಂದಿಷ್ಟನ್ನು ಬಿಟ್ಟುಕೊಟ್ಟಿದೆ ಎಂದೇ ಲೆಕ್ಕ. ಹಾಗಾಗಿ ಆ ಸಾಲು ನಂಬಿಕೆ ಹುಟ್ಟಿಸುತ್ತದೆ.

ರಾತ್ರಿ ಪಾಳಿಯ ವಿಷಯ ಇನ್ನೂ ಬಿಗಿ. ಬ್ರಿಟನ್ನಿನಲ್ಲಿ ವೃತ್ತಿಯನ್ನು ನಿಯಂತ್ರಿಸುವ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಸಂಹಿತೆಯ ಪ್ರಕಾರ, ತುರ್ತು ಪ್ರಥಮ ಚಿಕಿತ್ಸೆ ಮತ್ತು ನೋವು ಶಮನದ ವ್ಯವಸ್ಥೆ ಪ್ರಾಣಿಗಳಿಗೆ 24 ಗಂಟೆಯೂ ಸಿಗುವಂತೆ ಪಶುವೈದ್ಯರು ನೋಡಿಕೊಳ್ಳಬೇಕು. ಮೂವರು ವೈದ್ಯರ ಕ್ಲಿನಿಕ್ಕಿಗೆ ಇದರ ಅರ್ಥ ಮೂರು ರಾತ್ರಿಗೊಂದು ರಾತ್ರಿ ಫೋನ್ ಪಕ್ಕ ಮಲಗುವುದು, ಮರುದಿನ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬರುವುದು. 2001ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ವೆಟ್ಸ್ ನೌ ಎಂಬ ಸಂಸ್ಥೆ ಈ ಭಾರವನ್ನು ಇಳಿಸುವುದನ್ನೇ ವ್ಯಾಪಾರವಾಗಿಸಿತು. ಹಗಲಿನ ಕ್ಲಿನಿಕ್ಕುಗಳ ಪರವಾಗಿ ರಾತ್ರಿ ಮತ್ತು ರಜಾದಿನಗಳ ತುರ್ತು ಪ್ರಕರಣಗಳನ್ನು ಅದು ನೋಡಿಕೊಳ್ಳುತ್ತದೆ. ಹೀಗೆ ‘ರಾತ್ರಿ ಪಾಳಿ ಇಲ್ಲ’ ಎಂದು ಬರೆಯುವ ಸೌಭಾಗ್ಯ ಪಟ್ಟಣದ ಕ್ಲಿನಿಕ್ಕುಗಳಿಗೆ ಬಂತು. ಇದಕ್ಕೊಂದು ಬೆಲೆಯೂ ಇದೆ. ಮಾಲೀಕರು ಅಪರಿಚಿತ ವೈದ್ಯರ ಬಳಿ ಹೆಚ್ಚು ದುಡ್ಡು ಕೊಟ್ಟು ತೋರಿಸಬೇಕು. ರಾತ್ರಿ ಒಬ್ಬರೇ ನಿಂತು ತೀರ್ಮಾನ ಮಾಡುವ ಅಭ್ಯಾಸ ಕಿರಿಯ ವೈದ್ಯರಿಗೆ ತಪ್ಪುತ್ತದೆ. ದನ ಕುರಿಗಳ ಸೀಮೆಯಲ್ಲಂತೂ ಈ ಸೌಲಭ್ಯ ಕಷ್ಟ. ಕರು ಅಡ್ಡ ಸಿಕ್ಕಿಕೊಂಡ ಹಸುವನ್ನು ಲಾರಿ ಹತ್ತಿಸಿ ನಲವತ್ತು ಮೈಲಿ ದೂರದ ರಾತ್ರಿ ಆಸ್ಪತ್ರೆಗೆ ಒಯ್ಯಲಾಗದು. ಸ್ಕಾಟ್ಲೆಂಡಿನ ಗುಡ್ಡಗಾಡು ಮತ್ತು ದ್ವೀಪಗಳಲ್ಲಿ ವೈದ್ಯರು ನೆಲೆ ನಿಲ್ಲಲೆಂದು ಸರ್ಕಾರ 1915ರಿಂದಲೇ ಸಹಾಯಧನ ಕೊಡುತ್ತಿದೆ. ಬ್ರ್ಯಾಂಡಿಂಗ್ ಎಂಬ ಮಾತು ಹುಟ್ಟುವ ಎಂಟು ದಶಕ ಮೊದಲೇ, ಹಳ್ಳಿಗೆ ವೈದ್ಯ ಬರುವುದು ಚೆಂದದ ಮಾತಿನಿಂದಲ್ಲ ಎಂದು ಅಲ್ಲಿನವರಿಗೆ ತಿಳಿದಿತ್ತು.

ಇಷ್ಟಾದರೂ ಕಿರಿಯರು ಜಾಹೀರಾತು ನೋಡಿ ನಿರ್ಧರಿಸುತ್ತಾರೆಂದು ತಿಳಿಯುವುದು ಭೋಳೆತನ. ಬ್ರಿಟನ್ನಿನ ಪಶುವೈದ್ಯ ವಿದ್ಯಾರ್ಥಿಗಳು ಓದುತ್ತಿರುವಾಗಲೇ ಹೊರಗಿನ ಫಾರ್ಮು, ಕ್ಲಿನಿಕ್ಕುಗಳಲ್ಲಿ ವಾರಗಟ್ಟಲೆ ಕಳೆಯಬೇಕು. ಕೋವಿಡ್‌ಗೆ ಮುಂಚಿನ ನಿಯಮದಂತೆ ಒಟ್ಟು 38 ವಾರ. ಗಂಡು ನೋಡಲು ಹೊರಟ ಮನೆಯವರು ಮೊದಲು ಪಕ್ಕದ ಮನೆಯವರನ್ನು ವಿಚಾರಿಸಿಕೊಳ್ಳುವ ಹಾಗೆ, ಈ ವಾರಗಳಲ್ಲಿ ವಿದ್ಯಾರ್ಥಿಗಳು ಕ್ಲಿನಿಕ್ಕಿನ ಒಳಮನೆಯನ್ನು ನೋಡಿಬಿಡುತ್ತಾರೆ. ಹಿರಿಯ ವೈದ್ಯ ನರ್ಸಿನ ಮೇಲೆ ರೇಗುತ್ತಾನೆಯೇ, ಶಸ್ತ್ರಚಿಕಿತ್ಸೆ ಕೆಟ್ಟಾಗ ಕಿರಿಯನನ್ನು ಮುಂದೆ ತಳ್ಳಿ ತಾನು ಜಾರಿಕೊಳ್ಳುತ್ತಾನೆಯೇ, ಸಂಜೆ ಆರಕ್ಕೆ ಮುಗಿಯಬೇಕಾದ ಪಾಳಿ ನಿಜಕ್ಕೂ ಎಷ್ಟಕ್ಕೆ ಮುಗಿಯುತ್ತದೆ, ವಿದ್ಯಾರ್ಥಿಯ ಹೆಸರು ಯಾರಿಗಾದರೂ ನೆನಪಿದೆಯೇ. ಇವೆಲ್ಲ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಅದೇ ರಾತ್ರಿ ತಲುಪುತ್ತವೆ. ಎರಡು ವಾರಕ್ಕೆಂದು ಬಂದ ವಿದ್ಯಾರ್ಥಿಗೆ ಒಂದು ಕುರ್ಚಿ, ಒಂದು ಕಪ್ ಚಹಾ, ಒಂದು ಬೆಕ್ಕಿನ ಸಂತಾನಹರಣ ಚಿಕಿತ್ಸೆಯಲ್ಲಿ ಕೈಜೋಡಿಸುವ ಅವಕಾಶ ಕೊಟ್ಟ ಕ್ಲಿನಿಕ್ಕು, ಏಜೆನ್ಸಿಗೆ ಹಣ ಕೊಟ್ಟ ಕ್ಲಿನಿಕ್ಕಿಗಿಂತ ಮುಂದಿರುತ್ತದೆ.

ರಾಯಲ್ ಕಾಲೇಜು 2021ರಲ್ಲಿ ತಂದ ಹೊಸ ಪದವೀಧರರ ಯೋಜನೆ ಹೊಸಬರ ಇಂಥ ಆರೈಕೆಯನ್ನೇ ಸ್ವಲ್ಪ ಮಟ್ಟಿಗೆ ಕಡ್ಡಾಯ ಮಾಡಿತು. ಹೊಸಬರನ್ನು ತೆಗೆದುಕೊಳ್ಳುವ ಕ್ಲಿನಿಕ್ಕು ಮಾನ್ಯತೆ ಪಡೆದಿರಬೇಕು, ತರಬೇತಾದ ಮಾರ್ಗದರ್ಶಕರೊಬ್ಬರು ಅಲ್ಲಿರಬೇಕು, ವಾರಕ್ಕೆ ಒಂದು ಗಂಟೆಯಷ್ಟಾದರೂ ಹೊಸಬರಿಗಾಗಿ ಅವರು ಮೀಸಲಿಡಬೇಕು. ‘ಸಹಕಾರ ಮನೋಭಾವದ ತಂಡ’ ಎಂಬ ಬಾಯಿಮಾತಿಗೆ ಗಡಿಯಾರ ಕಟ್ಟಿದ್ದು ಒಳ್ಳೆಯದೇ ಆಯಿತು.

ಈ ಕತೆಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದದ್ದು ಫಲಕದ ಮೇಲಿನ ಹೆಸರು. 1999ರವರೆಗೆ ಬ್ರಿಟನ್ನಿನಲ್ಲಿ ಪಶು ಚಿಕಿತ್ಸಾಲಯದ ಒಡೆತನ ಪಶುವೈದ್ಯರಿಗಷ್ಟೇ ಇತ್ತು. ನಿಯಮ ಸಡಿಲಾದ ಮೇಲೆ ಹೂಡಿಕೆದಾರರು ಬಂದರು. 2013ರಲ್ಲಿ ಸುಮಾರು ಶೇ 10ರಷ್ಟು ಕ್ಲಿನಿಕ್ಕುಗಳು ದೊಡ್ಡ ಸಮೂಹಗಳ ಕೈಯಲ್ಲಿದ್ದರೆ, ದಶಕ ಕಳೆಯುವಷ್ಟರಲ್ಲಿ ಅದು ಶೇ 60ರ ಹತ್ತಿರ ಹೋಯಿತು. ಐವಿಸಿ, ಸಿವಿಎಸ್, ಲಿನಿಯಸ್, ಮೆಡಿವೆಟ್, ಪೆಟ್ಸ್ ಅಟ್ ಹೋಮ್, ವೆಟ್‌ಪಾರ್ಟ್‌ನರ್ಸ್ ಎಂಬ ಆರು ಸಮೂಹಗಳು. ಈ ಆರರಲ್ಲಿ ನಾಲ್ಕು, ಕೊಂಡ ಕ್ಲಿನಿಕ್ಕಿನ ಹಳೆಯ ಹೆಸರನ್ನು ಹಾಗೇ ಉಳಿಸಿಕೊಳ್ಳುತ್ತವೆ ಎಂದು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2024ರಲ್ಲಿ ಹೇಳಿತು. ಊರಿನ ಡಾಕ್ಟರರ ಹೆಸರು ಬಾಗಿಲ ಮೇಲೆ ಹಾಗೆಯೇ ಇರುತ್ತದೆ, ಡಾಕ್ಟರರು ಮಾರಿ ಹೋಗಿರುತ್ತಾರೆ. ಗ್ರಾಹಕನಿಂದ ಹೀಗೆ ಮರೆಯಾದ ಸಮೂಹದ ಹೆಸರು ಉದ್ಯೋಗ ಪುಟದಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ ಮೆರೆಯುತ್ತದೆ: ಇಷ್ಟು ನೂರು ಕ್ಲಿನಿಕ್ಕುಗಳು, ಬೇಕಾದ ಊರಿಗೆ ವರ್ಗ, ಹೊಸಬರಿಗೆ ತರಬೇತಿ ಅಕಾಡೆಮಿ, ತಜ್ಞ ಆಸ್ಪತ್ರೆಗಳ ಬೆಂಬಲ. ಕೆಲಸಗಾರನಿಗೆ ದೊಡ್ಡ ಕಂಪನಿ, ಗ್ರಾಹಕನಿಗೆ ಹಳೆಯ ಡಾಕ್ಟರರು. ಎರಡು ಮುಖದ ಈ ವ್ಯವಹಾರ ಹೆಚ್ಚು ದಿನ ನಡೆಯದು. 2016ರಿಂದ 2023ರ ನಡುವೆ ಚಿಕಿತ್ಸೆಯ ದರ ಶೇ 63ರಷ್ಟು ಏರಿದ್ದನ್ನು ದಾಖಲಿಸಿದ ಪ್ರಾಧಿಕಾರ, 2025ರ ಅಕ್ಟೋಬರಿನ ತಾತ್ಕಾಲಿಕ ತೀರ್ಪಿನಲ್ಲಿ ದರಪಟ್ಟಿಯ ಜೊತೆಗೆ ಒಡೆತನವನ್ನೂ ಗ್ರಾಹಕರಿಗೆ ತಿಳಿಯುವಂತೆ ಪ್ರಕಟಿಸಬೇಕೆಂದು ಸೂಚಿಸಿತು.

ಅಮೆರಿಕದಲ್ಲಿ ಆಟ ಇನ್ನೂ ದೊಡ್ಡದು. ಚಾಕೊಲೇಟ್ ಮತ್ತು ಪೆಡಿಗ್ರಿ ನಾಯಿ ತಿಂಡಿಯಿಂದ ನಮಗೆ ಪರಿಚಿತವಾದ ಮಾರ್ಸ್ ಕಂಪನಿ 2017ರಲ್ಲಿ ವಿಸಿಎ ಎಂಬ ಆಸ್ಪತ್ರೆ ಸರಪಳಿಯನ್ನು 910 ಕೋಟಿ ಡಾಲರಿಗೆ ಕೊಂಡಿತು. ಬ್ಯಾನ್‌ಫೀಲ್ಡ್ ಸರಪಳಿ ಅದಾಗಲೇ ಅದರದಾಗಿತ್ತು. ಅಲ್ಲಿನ ಪದವೀಧರರ ತಲೆಯ ಮೇಲೆ ಶಿಕ್ಷಣ ಸಾಲದ ಹೊರೆ ಭಾರೀ. ಆದ್ದರಿಂದ ಅಲ್ಲಿನ ಜಾಹೀರಾತಿನ ಮುಖ್ಯ ಬಾಣ ಸಾಲ ತೀರಿಸಲು ನೆರವು ಮತ್ತು ಸೇರುವಾಗಲೇ ಕೊಡುವ ಬೋನಸ್. ಆ ಬೋನಸ್ಸಿಗೆ ಸಾಮಾನ್ಯವಾಗಿ ಒಂದು ಬಾಲವಿರುತ್ತದೆ: ಇಷ್ಟು ವರ್ಷದೊಳಗೆ ಬಿಟ್ಟರೆ ಹಣ ವಾಪಸ್. 2030ರ ಹೊತ್ತಿಗೆ ಹದಿನೈದು ಸಾವಿರದಷ್ಟು ಪಶುವೈದ್ಯರ ಕೊರತೆ ಬೀಳಬಹುದೆಂದು ಮಾರ್ಸ್ ತನ್ನ ಅಧ್ಯಯನದಲ್ಲಿ ಹೇಳಿದರೆ, ಅಮೆರಿಕದ ಪಶುವೈದ್ಯರ ಸಂಘ ಆ ಅಂದಾಜನ್ನು ಒಪ್ಪಿಲ್ಲ. ಸಾವಿರಾರು ವೈದ್ಯರನ್ನು ನೇಮಿಸಿಕೊಳ್ಳುವವನೇ ಕೊರತೆಯ ಲೆಕ್ಕವನ್ನೂ ಹಾಕಿದಾಗ, ಅದನ್ನು ಇನ್ನೊಮ್ಮೆ ಕೂಡಿ ನೋಡುವುದು ವಿವೇಕ.

ಜಾಹೀರಾತುಗಳಲ್ಲಿ ಇತ್ತೀಚೆಗೆ ಮಾನಸಿಕ ಆರೋಗ್ಯದ ಮಾತು ಹೆಚ್ಚಾಗಿದೆ. ಅದರ ಹಿನ್ನೆಲೆ ಹಗುರವಾದದ್ದಲ್ಲ. 1979ರಿಂದ 2015ರವರೆಗಿನ ಸಾವಿನ ದಾಖಲೆಗಳನ್ನು ಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದು, ಸಾಮಾನ್ಯ ಜನರಿಗೆ ಹೋಲಿಸಿದರೆ ಆತ್ಮಹತ್ಯೆಯಿಂದ ಸಾಯುವ ಸಂಭವ ಮಹಿಳಾ ಪಶುವೈದ್ಯರಲ್ಲಿ 3.5 ಪಟ್ಟು, ಪುರುಷರಲ್ಲಿ 2.1 ಪಟ್ಟು ಎಂದು ಕಂಡಿತು. ಬ್ರಿಟನ್ನಿನ ರಾಯಲ್ ಕಾಲೇಜು ಮನೋಸ್ವಾಸ್ಥ್ಯಕ್ಕೆಂದೇ ಒಂದು ಕಾರ್ಯಕ್ರಮ ನಡೆಸುತ್ತಿದೆ. ವೆಟ್‌ಲೈಫ್ ಎಂಬ ದತ್ತಿ ಸಂಸ್ಥೆಯ ಸಹಾಯವಾಣಿ ಹಗಲು ರಾತ್ರಿ ತೆರೆದಿರುತ್ತದೆ. ಇಂಥ ವೃತ್ತಿಯಲ್ಲಿ ಹಣ್ಣಿನ ಬುಟ್ಟಿ, ಶುಕ್ರವಾರದ ಪಿಜ್ಜಾ, ಯೋಗ ಆ್ಯಪ್‌ಗಳನ್ನು ಕ್ಷೇಮಪಾಲನೆ ಎಂದು ಹೇಳಿಕೊಳ್ಳುವುದು ಅಗ್ಗದ ಕೆಲಸ. ಬೈದು ಬೆದರಿಸುವ ಗ್ರಾಹಕನಿಗೆ ‘ಇನ್ನು ಬರಬೇಡಿ’ ಎಂದು ಮಾಲೀಕನೇ ಹೇಳುವ ಕ್ಲಿನಿಕ್ಕು, ಒಂದೇ ಬೆಳಿಗ್ಗೆ ಮೂರು ಪ್ರಾಣಿಗಳಿಗೆ ದಯಾಮರಣದ ಚುಚ್ಚುಮದ್ದು ಕೊಟ್ಟ ಕಿರಿಯಳಿಗೆ ಅರ್ಧ ಗಂಟೆ ಬಿಡುವು ಕೊಡುವ ಕ್ಲಿನಿಕ್ಕು ಯಾವುದೆಂದು ಸಿಬ್ಬಂದಿಗೆ ಗೊತ್ತಿರುತ್ತದೆ. ಬ್ರ್ಯಾಂಡು ಅಲ್ಲಿದೆ.

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಷ್ಟು ಹಳೆಯದು. ಬೀದರ್, ಶಿವಮೊಗ್ಗ, ಹಾಸನಗಳಲ್ಲೂ ಕಾಲೇಜುಗಳಿವೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪದವಿ. ಇಲ್ಲಿ ಓದಿದವರು ಬ್ರಿಟನ್ನಿಗೆ ಹೋಗಬೇಕಾದರೆ ರಾಯಲ್ ಕಾಲೇಜಿನ ಅರ್ಹತಾ ಪರೀಕ್ಷೆ ಬರೆಯಬೇಕು, ಅಮೆರಿಕಕ್ಕಾದರೆ ಅಲ್ಲಿನದೇ ಬೇರೆ ಸರಣಿ. ಹೋಗದೆ ಉಳಿದವರ ಮೊದಲ ಆಯ್ಕೆ ಇವತ್ತಿಗೂ ಸರ್ಕಾರಿ ಕೆಲಸ. 2024ರಲ್ಲಿ ಕೆಪಿಎಸ್‌ಸಿ 400 ಪಶುವೈದ್ಯಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ಯಾವ ವಿಡಿಯೊ, ಯಾವ ಘೋಷವಾಕ್ಯವೂ ಬೇಕಾಗಲಿಲ್ಲ. ಅಧಿಸೂಚನೆಯ ಒಣ ಭಾಷೆಯಲ್ಲೇ ಸಂಬಳ ಶ್ರೇಣಿ, ಹುದ್ದೆಗಳ ಸಂಖ್ಯೆ ಎಲ್ಲ ಅಂಕಿಗಳಲ್ಲಿ ಇದ್ದವು.

ಖಾಸಗಿ ಕ್ಲಿನಿಕ್ಕುಗಳು ಪೈಪೋಟಿ ಕೊಡಬೇಕಾಗಿರುವುದು ಇಂಥ ಧಣಿಯ ಜೊತೆ. ಬೆಂಗಳೂರಿನಲ್ಲಿ ಸಾಕುಪ್ರಾಣಿಗಳ ಆಸ್ಪತ್ರೆಗಳು ಹೆಚ್ಚುತ್ತಿವೆ, ಹೂಡಿಕೆದಾರರ ಹಣದಲ್ಲಿ ನಡೆಯುವ ಸರಪಳಿಗಳು ಬಂದಿವೆ, 24 ಗಂಟೆ ಸೇವೆ ಎಂಬ ಫಲಕಗಳು ಬೆಳಗುತ್ತಿವೆ. ಆ ಫಲಕ ಗ್ರಾಹಕನಿಗೆ ನೆಮ್ಮದಿ ಕೊಡುತ್ತದೆ. ರಾತ್ರಿ ಎರಡಕ್ಕೆ ಎಚ್ಚರವಿರಬೇಕಾದ ವೈದ್ಯರಿಗೆ ಏನು ಕೊಡುತ್ತದೆ ಎಂಬುದು ಫಲಕದ ಮೇಲಿರುವುದಿಲ್ಲ. ಸ್ವಂತ ಕ್ಲಿನಿಕ್ ನಡೆಸುವ ಡಾಕ್ಟರರಿಗೆ ಸರಪಳಿಯಷ್ಟು ಸಂಬಳ ಕೊಡುವುದು ಕಷ್ಟವಾಗಬಹುದು. ಆದರೆ ವಾರಕ್ಕೊಂದು ಗಂಟೆ ಹೊಸಬರ ಪಕ್ಕ ನಿಂತು ಶಸ್ತ್ರಚಿಕಿತ್ಸೆ ಕಲಿಸುವುದು, ತಿಂಗಳ ಪಾಳಿ ಪಟ್ಟಿಯನ್ನು ಒಂದನೇ ತಾರೀಖಿಗೆ ಮುನ್ನ ಗೋಡೆಗೆ ಹಚ್ಚುವುದು, ರಾತ್ರಿ ದುಡಿದವರಿಗೆ ಮರುದಿನ ರಜೆ ಕೊಡುವುದು, ಬೇಸಿಗೆಯಲ್ಲಿ ಕಲಿಯಲು ಬಂದ ವಿದ್ಯಾರ್ಥಿಯನ್ನು ಪಂಜರ ತೊಳೆಯುವುದಕ್ಕಷ್ಟೇ ಬಳಸದಿರುವುದು, ಇವಕ್ಕೆ ಹೂಡಿಕೆದಾರರ ಹಣ ಬೇಡ.

ಈ ವರ್ಷ ಇಂಟರ್ನ್‌ಶಿಪ್ ಮುಗಿಸಿ ಕ್ಲಿನಿಕ್ಕುಗಳ ಬಾಗಿಲು ತಟ್ಟಲಿರುವವರು ಸಂದರ್ಶನದಲ್ಲಿ ಸಂಬಳದ ಮಾತಿಗೆ ಮೊದಲು ಮೂರು ವಿಷಯ ಕೇಳಬೇಕು. ಕಳೆದ ಮೂರು ತಿಂಗಳ ರಾತ್ರಿ ಪಾಳಿಯ ಪಟ್ಟಿ ತೋರಿಸುತ್ತೀರಾ? ಎರಡು ವರ್ಷದಲ್ಲಿ ಇಲ್ಲಿಂದ ಬಿಟ್ಟುಹೋದ ವೈದ್ಯರು ಎಷ್ಟು ಮಂದಿ, ಅವರಲ್ಲಿ ಒಬ್ಬರ ಫೋನ್ ನಂಬರು ಕೊಡುತ್ತೀರಾ? ನನ್ನ ಮೊದಲ ಶಸ್ತ್ರಚಿಕಿತ್ಸೆಗಳಲ್ಲಿ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ಉತ್ತರ ಸಿಕ್ಕರೆ ನೇಮಕಾತಿ ಪತ್ರದಲ್ಲಿ ಅದನ್ನು ಬರೆಸಿಕೊಳ್ಳಿ.